ನಲಿನಿಬಾಯಿಯ ಗಿಡದ ಭಿಶಿ

ಬ್ಯಾಡಗಿಯ ನಲಿನಿಬಾಯಿಗೆ ಸುಮ್ಮನೆ ಕೂಡುವುದೊಂದನ್ನು ಬಿಟ್ಟು ಉಳಿದೆಲ್ಲ ಕೆಲಸ ಬರುತ್ತಿತ್ತು. ಮನೆಗೆ ಬಂದ ನೆಂಟರು ತಮ್ಮ ಹಾಸಿಗೆ ಸುತ್ತಲೆಂದು ಬಗ್ಗುವಷ್ಟರಲ್ಲಿ ಈಕೆ ಅದನ್ನು ಸುತ್ತಿ ಮೂಲೆಗಿಟ್ಟಿರುತ್ತಿದ್ದಳು. ಗಂಡ ಶಿವಾನಂದರು ಮೆಣಸಿನಕಾಯಿ ಪೇಟೆಯ ಒಂದು ಅಡತಿ ಅಂಗಡಿಯಲ್ಲಿ ಗುಮಾಸ್ತರು. ಮದುವೆಯಾದಾಗಿನಿಂದ ತಮ್ಮ ಚಪ್ಪಲಿ ಎಲ್ಲಿರುತ್ತವೆಂದು ಹುಡುಕುವ ಪ್ರಸಂಗವೇ ಆ ಪುಣ್ಯಾತ್ಮನಿಗೆ ಬಂದಿರಲಿಲ್ಲ.

ಅವಳ ತವರು ಕರ್ಜಗಿ. ತಾಯಿ ಸದಾ ಕಾಯಿಲೆಯಾಕೆ, ಈಕೆ ಹಿರಿಯ ಮಗಳು. ತಂಗಿಯರ ಜಡೆ, ತಮ್ಮಂದಿರ ಪಾಟಿ, ಅಪ್ಪನ ಬುತ್ತಿ ಎಲ್ಲವೂ ಇವಳಿಗೆ ಲಂಗ ಸರಿಯಾಗಿ ಉಡಲು ಬರುವ ಮೊದಲೇ ಇವಳ ಕೈಗೆ ಬಿದ್ದಿದ್ದವು. ಯಾರಾದರೂ ತಡವರಿಸುವುದನ್ನು ಕಂಡರೆ ಮುಂದಾಗಿ ಮಾಡಿಬಿಡುವ ಚಾಳಿ ಅಲ್ಲಿಂದ ಅಂಟಿಕೊಂಡದ್ದು. ಕರ್ಜಗಿಯಲ್ಲಿ ಅದರಿಂದ ಒಂದು ಸಂಸಾರ ಉಳಿದಿತ್ತು, ಅದನ್ನು ದುರ್ಗುಣ ಎನ್ನಲು ಯಾರಿಗೂ ಬಾಯಿ ಬರಲಿಕ್ಕಿಲ್ಲ. ಬ್ಯಾಡಗಿಯಲ್ಲಿ ಮಾತ್ರ ಅದೇ ಕೈ ಒಬ್ಬಳೇ ಮಗಳ ಮೇಲೆ ಬಿತ್ತು.

ಮಗಳ ಹೆಸರು ವೈಜಯಂತಿ, ಎಲ್ಲರ ಬಾಯಲ್ಲಿ ವೈಜು. ವೈಜು ಬಣ್ಣದ ಪೆನ್ಸಿಲ್ಲು ಹೆರೆಯುವುದರೊಳಗೆ ಅವ್ವ ನಕಾಶೆಗೆ ಬಣ್ಣ ತುಂಬಿರುತ್ತಿದ್ದಳು. ನಾಲ್ಕು ಸಾಲಿನ ನಿಬಂಧ ಬರೆಯಲು ಹುಡುಗಿ ಪೆನ್ಸಿಲ್ಲು ಕಚ್ಚಿಕೊಂಡು ಯೋಚಿಸುತ್ತ ಕೂತರೆ ತಾಯಿಗೆ ತಡೆಯಲಾಗುತ್ತಿರಲಿಲ್ಲ. "ಕೊಡಿಲ್ಲೆ" ಎಂದು ಇಸಿದುಕೊಂಡು ತಾನೇ ಬರೆಯುತ್ತಿದ್ದಳು. ಅದೂ ಎಂಥ ನಾಜೂಕು! ಮಗಳ ಅಕ್ಷರದ ಸೊಟ್ಟನ್ನು ಕೂಡ ಹಾಗೆಯೇ ಇಳಿಸಲು ಕಲಿತುಬಿಟ್ಟಿದ್ದಳು.

ಮೂರನೇ ಇಯತ್ತೆಯ ಪರೀಕ್ಷೆ ಮುಗಿದ ಮೇಲೆ ಶಾಲೆಯ ಅಕ್ಕೋರು ತಾಯಿಯನ್ನು ಕರೆಸಿ, ವೈಜುವಿನ ಉತ್ತರದ ಕಾಗದ ತೋರಿಸಿದರು. ನಿಬಂಧದ ಜಾಗದಲ್ಲಿ ಒಂದು ಅಕ್ಷರವೂ ಇರಲಿಲ್ಲ.

"ಹುಡುಗಿಗೆ ಓದಲಿಕ್ಕೆ ಬರ್ತದ, ಬರೀಲಿಕ್ಕೂ ಬರ್ತದ. ಯಾಕ ಬರೀಲಿಲ್ಲಾ ಅಂತ ಕೇಳಿದ್ರ, ಅದನ್ನ ಅವ್ವ ಬರೀತಾಳ್ರಿ ಅಂತು" ಎಂದರು ಅಕ್ಕೋರು. "ಈ ವರ್ಷ ಹೆಂಗೋ ದಾಟಿಸೇವಿ. ನಾಲ್ಕನೇತ್ತಾಗೂ ಹಿಂಗ ಕೋರಾ ಕಾಗದ ಕೊಟ್ರ ಅಲ್ಲೇ ಕೂಡಸ್ಬೇಕಾಗ್ತದ ನೋಡ್ರಿ."

ನಲಿನಿಬಾಯಿಗೆ ಅಂದು ಊಟ ಸೇರಲಿಲ್ಲ. ಮಗಳು ಮಂದಬುದ್ಧಿಯವಳೇನೋ ಎಂಬ ಭಯ ಹೊಕ್ಕಿತು. ಭಯ ಹೊಕ್ಕ ಮೇಲೆ ಅವಳಿಗೆ ತಿಳಿದ ಮದ್ದು ಒಂದೇ, ಇನ್ನಷ್ಟು ಸಹಾಯ ಮಾಡುವುದು. ಬೇಸಿಗೆ ರಜೆಯಿಡೀ ಮಗಳ ಪಕ್ಕ ಕೂತು ಅವಳ ಬದಲಿಗೆ ಓದಿದಳು, ಅವಳ ಬದಲಿಗೆ ಲೆಕ್ಕ ಮಾಡಿದಳು. ವೈಜು ಕಿಟಕಿಯಾಚೆ ನೋಡುತ್ತ ಹೂಂಗುಟ್ಟಿದಳು.

ಆ ಮನೆಯ ಇನ್ನೊಂದು ಹುಚ್ಚು ಗಿಡಗಳದು. ಹಣದ ಭಿಶಿ ನಮ್ಮ ಕಡೆಯ ಹೆಂಗಸರಿಗೆ ಹೊಸದಲ್ಲ. ತಿಂಗಳಿಗೊಮ್ಮೆ ಎಲ್ಲರೂ ಸೇರಿ ಇಷ್ಟಿಷ್ಟೆಂದು ಹಾಕುತ್ತಾರೆ, ಚೀಟಿ ಎತ್ತಿದಾಗ ಯಾರ ಹೆಸರು ಬಂತೋ ಅವರು ಗಂಟು ಒಯ್ಯುತ್ತಾರೆ. ಹಾವೇರಿಯ ಮಥುರಾಬಾಯಿ ಇದನ್ನೇ ಗಿಡಗಳಿಗೆ ಹೊಂದಿಸಿದ್ದರು. ತಿಂಗಳಿಗೊಮ್ಮೆ ಪ್ರತಿಯೊಬ್ಬರೂ ಒಂದು ಸಸಿ ತರಬೇಕು, ಹೆಸರು ಬಂದವರು ಎಲ್ಲವನ್ನೂ ಒಯ್ಯಬೇಕು. ಒಂದು ತಿಂಗಳು ಹಾವೇರಿ, ಒಂದು ತಿಂಗಳು ಬ್ಯಾಡಗಿ, ಮತ್ತೊಂದು ತಿಂಗಳು ರಾಣೇಬೆನ್ನೂರು. ಪ್ಯಾಸೆಂಜರ್ ಗಾಡಿಯಲ್ಲಿ ಮಡಿಲ ತುಂಬ ಕುಂಡ ಹೊತ್ತು ಕೂತ ಈ ಹೆಂಗಸರನ್ನು ಕಂಡು, ಗುಲಾಬಿಗೂ ಟಿಕೀಟು ತೆಗೆದಿದ್ದೀರಾ ಎಂದು ಟಿ.ಸಿ.ಗಳು ಚೇಷ್ಟೆ ಮಾಡುತ್ತಿದ್ದರು. ಒಬ್ಬರಲ್ಲಿ ಒಂದೇ ಗಿಡ ಉಳಿದಿದ್ದರೆ ಅದನ್ನು ಕೇಳಬಾರದು, ಕೊಟ್ಟದ್ದು ಒಣಗಿದರೆ ಕೊಟ್ಟವರನ್ನು ದೂರಬಾರದು ಎಂಬ ಕಟ್ಟಳೆಗಳೂ ಇದ್ದವು.

ಮಥುರಾಬಾಯಿ ಮಕ್ಕಳಿಗೆ ಪಾಠ ಹೇಳಿಯೇ ಕೂದಲು ಬೆಳ್ಳಗಾದವರು. ನೌಕರಿಯಿಂದ ಬಿಡುಗಡೆಯಾಗಿ ವರ್ಷಗಳಾದರೂ ದನಿಯಿಂದ ಶಾಲೆ ಹೋಗಿರಲಿಲ್ಲ. ಎಂಬತ್ತೆಂಟನೇ ಇಸವಿಯ ಮುಂಗಾರು ಹಿಡಿದಾಗ ಅವರು ಹೊಸದೊಂದು ಸುದ್ದಿ ತೆಗೆದರು.

"ಶ್ರಾವಣದ ಭಿಶಿ ಮಕ್ಕಳದು. ಬೀಜದಿಂದ ಎಬ್ಬಿಸಿದ ಒಂದು ಸಸಿ ತರಬೇಕು, ಹೆಂಗ ಬೆಳಸಿದ್ರು ಅನ್ನೂದನ್ನ ಎದ್ದು ನಿಂತು ತಾವಾ ಹೇಳಬೇಕು. ತಾಯಂದಿರು ಬಾಯಿ ಹಾಕೂ ಹಂಗಿಲ್ಲ. ಬ್ಯಾಡಗಿ ಪಾಳಿ ಅದ, ನಲಿನಿ, ನಿಮ್ಮ ಮನ್ಯಾಗ ಇಟಗೊಳ್ಳೂಣು."

ನಲಿನಿಬಾಯಿಗೆ ಚಿಂತೆ ಹತ್ತಿತು. ಅಷ್ಟು ಜನರ ಮುಂದೆ, ತನ್ನದೇ ಮನೆಯಲ್ಲಿ, ಕೋರಾ ಕಾಗದ ಕೊಟ್ಟ ಹುಡುಗಿ ಬಾಯಿ ಬಿಡುವುದೆಂದರೇನು?

ಉಳಿದ ಮಕ್ಕಳು ಚೆಂಡು ಹೂವು, ಗುಲಬಾಕ್ಷಿ ಎಂದು ಆರಿಸಿಕೊಂಡರು. ವೈಜು ಮಾತ್ರ ಅಪ್ಪನ ಅಂಗಡಿಯ ರಾಶಿಯಿಂದ ಒಂದು ಒಣ ಮೆಣಸಿನಕಾಯಿ ಹೆಕ್ಕಿ ತಂದಳು. ಊರ ತುಂಬ ಮೆಣಸಿನಕಾಯಿ ಬಿದ್ದಿರುವಾಗ ಇವಳಿಗೆ ಅದೇ ಬೇಕಾಯಿತೇ ಎಂದು ತಾಯಿ ಗೊಣಗಿದಳು. ಆದರೂ ಮಣ್ಣು ಸೋಸಿದಳು, ಗೊಬ್ಬರ ಬೆರೆಸಿದಳು, ಬೀಜ ಬಿಡಿಸಿದಳು, ಕುಂಡದಲ್ಲಿ ಹಾಕಿದಳು. ವೈಜುವಿನ ಪಾಲಿಗೆ ಉಳಿದದ್ದು ನೋಡುವ ಕೆಲಸ. ಹುಡುಗಿ ಅದನ್ನೇ ಮನಸಿಟ್ಟು ಮಾಡಿದಳು. ದಿನಾ ಶಾಲೆಯಿಂದ ಬಂದವಳೇ ಬೆರಳಿನಿಂದ ಮಣ್ಣು ಕೆದರಿ ಬೀಜ ಏನಾಗಿದೆ ಎಂದು ನೋಡಿದಳು. ತಾಯಿ ಬೈದು ಮತ್ತೆ ಹಾಕಿದಳು, ಮಗಳು ಮತ್ತೆ ಕೆದರಿದಳು. ಕುಂಡದಲ್ಲಿ ಏನೂ ಏಳಲಿಲ್ಲ. ಆಮೇಲೆ ಹುಡುಗಿ ಕುಂಡದ ಮಣ್ಣು ಮುಟ್ಟುವುದನ್ನೂ ಬಿಟ್ಟಳು. ಸಂಜೆಯಾದರೆ ಗೋಡೆಯಾಚೆಯ ಅಮೀರಬಿಯ ಹಿತ್ತಲಿನಲ್ಲಿ ಆಡಿನ ಮರಿಗಳ ಜೊತೆ ಆಡಲು ಓಡುತ್ತಿದ್ದಳು. ಇದಕ್ಕೂ ಮನಸ್ಸಿಲ್ಲವಲ್ಲ ಎಂದು ತಾಯಿ ಕೊರಗಿದಳು.

ಶ್ರಾವಣ ಹತ್ತಿರ ಬಂತು. ಒಂದು ದಿನ ಮಗಳು ಶಾಲೆಗೆ ಹೋದ ಮೇಲೆ ನಲಿನಿಬಾಯಿ ಮೋಟೆಬೆನ್ನೂರಿನ ಬಸ್ಸು ಹತ್ತಿದಳು. ಅಲ್ಲಿ ತಿರಕಪ್ಪ ಎಂಬ ಒಕ್ಕಲಿಗನ ಹೊಲದಲ್ಲಿ ನಾಟಿಗೆಂದು ಎಬ್ಬಿಸಿದ ಮೆಣಸಿನ ಅಗಿ ಹಸಿರಾಗಿ ನಿಂತಿತ್ತು.

"ಒಂದ ಸಸಿ ತಗೊಂಡು ಏನ್ ಮಾಡ್ತೀರಿ ಬಾಯಾರ? ಒಂದು ಕಟ್ಟು ಒಯ್ರಿ" ಎಂದ ತಿರಕಪ್ಪ.

"ಒಂದ ಸಾಕು. ಸಣ್ಣದು ಕೊಡ್ರಿ, ಭಾಳ ಚಂದ ಇರಬಾರದು."

ಹಾಗೆಂದವಳು, ಆರಿಸುವಾಗ ಮಾತ್ರ ಕೈ ತಡೆಯದೆ ಇದ್ದುದರಲ್ಲಿ ಪೊಗದಸ್ತಾದದ್ದನ್ನೇ ಕಿತ್ತುಕೊಂಡಳು. ವೈಜು ಶಾಲೆಯಿಂದ ಬರುವಷ್ಟರಲ್ಲಿ ಸಸಿ ಕುಂಡದಲ್ಲಿ ನಿಂತಿತ್ತು.

"ನೋಡಿಲ್ಲೆ ವೈಜು, ನಿನ್ನ ಗಿಡ ಬಂತು" ಎಂದಳು ತಾಯಿ, ಮುಖವೆಲ್ಲ ನಗೆಯಾಗಿ.

ವೈಜು ಗಿಡ ನೋಡಿದಳು, ಅವ್ವನ ಮುಖ ನೋಡಿದಳು. "ಹೂಂ" ಎಂದಳು.

ಭಿಶಿಯ ದಿನ ನಲಿನಿಬಾಯಿಯ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಂದು ಮೂಲೆಯಲ್ಲಿ ಕುಂಡಗಳು, ಇನ್ನೊಂದರಲ್ಲಿ ಮಕ್ಕಳು, ನಡುವೆ ಅವಲಕ್ಕಿಯ ಪರಾತ. ಮಕ್ಕಳು ಒಬ್ಬೊಬ್ಬರಾಗಿ ಎದ್ದು, ನೀರು ಹಾಕಿದೆ, ಬಿಸಿಲಿಗಿಟ್ಟೆ, ಬಂತು ಎಂದು ಒಪ್ಪಿಸಿದರು. ನಲಿನಿಬಾಯಿ ಮಗಳಿಗೆ ಹೇಳಬೇಕಾದದ್ದನ್ನೆಲ್ಲ ವಾರದಿಂದ ಬಾಯಿಪಾಠ ಮಾಡಿಸಿದ್ದಳು. ವೈಜುವಿನ ಪಾಳಿ ಬಂದಾಗ ತನ್ನ ತುಟಿಯೇ ಅಲ್ಲಾಡುತ್ತಿರುವುದು ಅವಳಿಗೆ ಗೊತ್ತಾಗಲಿಲ್ಲ.

ವೈಜು ಎದ್ದು ನಿಂತಳು. "ಇದು ನಂದಲ್ಲರಿ" ಎಂದಳು. "ಇದು ಅವ್ವನ ಗಿಡ."

ನೆಲ ಬಾಯಿ ಬಿಡಬಾರದೇ ಎನ್ನಿಸಿತು ನಲಿನಿಬಾಯಿಗೆ.

"ಹೆಂಗ ಗೊತ್ತಾತವಾ ನಿನಗ?" ಮಥುರಾಬಾಯಿ ಕೇಳಿದರು.

"ಹಿಂದಿನ ದಿನ ಬರೇ ಮಣ್ಣಿತ್ತರಿ ಅಜ್ಜಿ. ಒಂದ ದಿನದಾಗ ಇಷ್ಟ ಎಲಿ ಹೆಂಗ ಬರ್ತಾವ?"

"ಅವತ್ತ ಯಾಕ ಹೇಳಲಿಲ್ಲ?"

"ಅವ್ವಗ ಭಾಳ ಖುಷಿ ಆಗಿತ್ತರಿ."

ಯಾರೋ ನಕ್ಕರು, ಯಾರೋ ಕೆಮ್ಮಿದರು. ಮಥುರಾಬಾಯಿ ಮಾತ್ರ ನಗಲಿಲ್ಲ. "ಹಂಗಾರ ನಿಂದು ಬರಲೇ ಇಲ್ಲೇನು?"

"ಬಂದದ. ಅಮೀರಬಿ ಚಾಚಿ ಹಿತ್ತಲದಾಗ ಅದ."

"ನಿಮ್ಮ ಮನಿ ಬಿಟ್ಟು ಅಲ್ಲ್ಯಾಕ ಇಟ್ಟಿ?"

ಹುಡುಗಿ ಕಾಲಬೆರಳಿನಿಂದ ನೆಲ ಕೆರೆದಳು. ಆಮೇಲೆ ಯಾವ ಸಿಟ್ಟೂ ಇಲ್ಲದೆ, ಮಳೆ ಬಂದರೆ ನೆಲ ಒದ್ದೆಯಾಗುತ್ತದೆ ಎನ್ನುವಷ್ಟು ಸಹಜವಾಗಿ ಹೇಳಿದಳು. "ಇಲ್ಲೆ ಇಟ್ರ ಅವ್ವ ಮಾಡಿಬಿಡ್ತಾಳ್ರಿ."

ಮಗಳು ಕಳ್ಳತನ ಮಾಡಿ ಬಚ್ಚಿಟ್ಟಿದ್ದರೂ ನಲಿನಿಬಾಯಿಗೆ ಇಷ್ಟು ನೋಯುತ್ತಿರಲಿಲ್ಲ. ಮಗಳು ತನ್ನಿಂದ ಬಚ್ಚಿಟ್ಟದ್ದು ಅವಳೇ ಕೈಯಾರೆ ಮಾಡಿದ ಕೆಲಸವನ್ನು.

ವೈಜು ಓಡಿಹೋಗಿ ಒಂದು ಎಣ್ಣೆ ಡಬ್ಬಿಯನ್ನು ಎದೆಗವಚಿಕೊಂಡು ಬಂದಳು. ಹಿಂದೆಯೇ ಸೆರಗು ಸರಿಪಡಿಸಿಕೊಳ್ಳುತ್ತ ಅಮೀರಬಿ ಬಂದು ಬಾಗಿಲಲ್ಲಿ ನಿಂತಳು. "ತಪ್ಪು ತಿಳಕೋಬ್ಯಾಡ್ರಿ ಬಾಯಾರ. ಯಾರಿಗೂ ಹೇಳಂಗಿಲ್ಲ ಅಂತ ಹುಡುಗಿ ಆಣಿ ಹಾಕಿಸಿಕೊಂಡಿತ್ತು" ಎಂದಳು.

ಡಬ್ಬಿಯ ಸುತ್ತ ಜಾಲಿಮುಳ್ಳು ಸಿಕ್ಕಿಸಿತ್ತು. ನಡುವೆ ಒಂದು ಬಡಕಲು ಸಸಿ, ಸೊಟ್ಟಗೆ, ಕೈಬೆರಳಷ್ಟು ಎತ್ತರ. ಒಂದು ಎಲೆಯನ್ನು ಏನೋ ಅರ್ಧ ತಿಂದಿತ್ತು.

"ಮೊದಲಿನ್ವು ನಾನಾ ಕೆದರಿ ಕೆದರಿ ಸತ್ವು" ಎಂದು ಶುರು ಮಾಡಿದಳು ವೈಜು. "ಆದ್ರ ನನಗ ನೋಡಬೇಕಾಗಿತ್ತು, ಒಳಗ ಏನಾಗ್ತದ ಅಂತ. ಅದಕ್ಕ ಎರಡು ಕಡೆ ಹಾಕಿದೆ. ಒಂದು ಕೆದರಿ ನೋಡೂ ಬೀಜ, ಒಂದು ಮುಟ್ಟಲಾರದ ಬೀಜ. ನೋಡೂ ಬೀಜದಾಗ ಮೊದಲು ಬಿಳೇ ದಾರ ಬಂತರಿ, ಅದು ಮ್ಯಾಲೆ ಬರಲಿಲ್ಲ, ಕೆಳಗ ಹೋತು. ಮುಟ್ಟಲಾರದ್ದು ಮ್ಯಾಲೆ ಬಂತು. ಅದನ್ನ ಆಡು ತಿಂತು."

"ಆಮ್ಯಾಲೆ?" ಕೇಳಿದವಳು ರಾಣೇಬೆನ್ನೂರಿನಿಂದ ಬಂದ ಒಬ್ಬ ಹುಡುಗಿ. ಮಕ್ಕಳೆಲ್ಲ ಮುಂದಕ್ಕೆ ಸರಿದು ಕೂತಿದ್ದರು.

"ಆಮ್ಯಾಲೆ ಎರಡು ದಿನ ಅತ್ತೆ. ಮತ್ತ ಹಾಕಿ, ಈ ಮುಳ್ಳು ಸಿಕ್ಕಿಸಿದೆ. ಈಗ ಆಡು ಬರಂಗಿಲ್ಲ, ಆದ್ರ ಯಾವುದೋ ಹುಳ ಬರ್ತದ. ಅದಕ್ಕ ಏನು ಮಾಡಬೇಕು ನನಗ ಇನ್ನಾ ಗೊತ್ತಾಗಿಲ್ಲ."

ಅವಳು ಹೇಳುತ್ತಲೇ ಹೋದಳು. ನಡುವೆ ತಪ್ಪಿದಳು, ಹಿಂದಕ್ಕೆ ಬಂದಳು, ಕೈಯಲ್ಲಿ ತೋರಿಸಿದಳು. ನಲಿನಿಬಾಯಿ ಅಡಿಗೆಮನೆಯ ಬಾಗಿಲಿಗೆ ಒರಗಿ ನಿಂತು ಕೇಳಿದಳು. ಇಷ್ಟು ಮಾತು ಈ ಹುಡುಗಿಯೊಳಗೆ ಇತ್ತು, ಒಂಬತ್ತು ವರ್ಷ ತಾನು ಅದಕ್ಕೆ ಎಡೆ ಕೊಟ್ಟಿರಲಿಲ್ಲ. ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾಚಿಕೆಗಿಂತ ಹೆಚ್ಚಾಗಿ ಅದು ಸಂತೋಷದ ಅಳು, ಅದನ್ನು ಅವಳು ಯಾರ ಮುಂದೆಯೂ ಮುಚ್ಚಿಡಲಿಲ್ಲ.

ಚೀಟಿ ಎತ್ತಿದರು. ಹಾವೇರಿಯಿಂದ ಬಂದ ಒಬ್ಬ ಹುಡುಗನ ಹೆಸರು ಬಂತು. ವೈಜು ಡಬ್ಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಇರೂದು ಒಂದ. ಕಾಯಿ ಆಗ್ಲಿ, ಬೀಜ ಕೊಡ್ತೀನಿ" ಎಂದಳು.

"ಕಟ್ಟಳಿ ಪ್ರಕಾರನ ಅದ. ಅವನಿಗೆ ಅವ್ವನ ಗಿಡ ಕೊಡ್ರಿ" ಎಂದರು ಮಥುರಾಬಾಯಿ, ಎಲ್ಲರೂ ನಕ್ಕರು. ಹೊರಡುವಾಗ ಅವರು ನಲಿನಿಬಾಯಿಯ ಹೆಗಲ ಮೇಲೆ ಕೈಯಿಟ್ಟರು. ಉಪದೇಶದ ಚಟದ ಹೆಂಗಸು ಏನೂ ಹೇಳದೆ ಹೋದದ್ದು ದೊಡ್ಡ ಮಾತು.

ಮುಂದಿನ ತಿಂಗಳುಗಳು ನಲಿನಿಬಾಯಿಗೆ ಉಪವಾಸಕ್ಕಿಂತ ಕಠಿಣವಾದವು. ವೈಜು ನಿಬಂಧ ಬರೆಯಲು ಕೂತರೆ ಇವಳು ಎದ್ದು ಹಿತ್ತಲಿಗೆ ಹೋಗಿ ಒಗೆದ ಬಟ್ಟೆಯನ್ನೇ ಮತ್ತೆ ಒಗೆದಳು. ಮಗಳ ಜಡೆ ವಾರೆಯಾಗಿ ಶಾಲೆಗೆ ಹೋಗುವುದನ್ನು ಹಲ್ಲು ಕಚ್ಚಿ ನೋಡಿದಳು. ಮನೆಯಲ್ಲಿ ಏನೋ ಬದಲಾಗಿದೆ ಎಂದು ಶಿವಾನಂದರಿಗೆ ಗೊತ್ತಾದದ್ದು, ತಮ್ಮ ಚಪ್ಪಲಿ ಸಿಗದೆ ಒಂದು ದಿನ ಬರಿಗಾಲಿನಲ್ಲಿ ಪೇಟೆಗೆ ಹೋಗುವ ಹೊತ್ತು ಬಂದಾಗ. ಅರ್ಧವಾರ್ಷಿಕ ಪರೀಕ್ಷೆಯ ಕಾಗದ ಮನೆಗೆ ಬಂತು. ನಿಬಂಧದಲ್ಲಿ ಸಾಲಿಗೊಂದು ತಪ್ಪು, ಆದರೆ ನಾಲ್ಕು ಸಾಲು ಕೇಳಿದಲ್ಲಿ ಹುಡುಗಿ ಹಾಳೆ ತುಂಬಿಸಿದ್ದಳು. ಇನ್ನು ಚಿಂತೆ ಇಲ್ಲ ಎಂದು ಅಕ್ಕೋರು ಹೇಳಿ ಕಳಿಸಿದರು.

ಡಬ್ಬಿ ಮಾತ್ರ ಅಮೀರಬಿಯ ಹಿತ್ತಲಲ್ಲೇ ಇತ್ತು. ಅದನ್ನು ಮನೆಗೆ ತಾ ಎಂದು ಹೇಳುವ ಧೈರ್ಯ ತಾಯಿಗೆ ಆಗಲಿಲ್ಲ. ಗೋಡೆಯ ಮೇಲಿಂದ ಇಣುಕಿದಾಗ ಗಿಡದ ಎಲೆ ಮುರುಟಿಕೊಳ್ಳುತ್ತಿರುವುದು ಕಂಡಿತು. ಮದ್ದು ಅವಳಿಗೆ ಗೊತ್ತಿತ್ತು. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡು ಒಳಗೆ ಬಂದಳು.

ಮರುದಿನ ಸಂಜೆ ರೊಟ್ಟಿ ಬಡಿಯುತ್ತಿದ್ದಾಗ ಹಿತ್ತಲ ಬಾಗಿಲು ಸರಿಯಿತು. ವೈಜು ಡಬ್ಬಿಯನ್ನು ಹೊತ್ತು ತಂದು ಅವ್ವನ ಮುಂದೆ ಇಟ್ಟಳು.

"ಅವ್ವಾ, ಎಲಿ ಮುರುಟಿಕೊಳ್ಳಿಕ್ಕತ್ತಾವ. ಕೆಳಗ ಸಣ್ಣ ಸಣ್ಣ ಹುಳ ಅವ. ನಾ ಬೂದಿ ಹಾಕಿದೆ, ಹೋಗಲಿಲ್ಲ. ನಿನಗ ಗೊತ್ತದೇನು?"

ಹಿಟ್ಟಿನ ಕೈ ಡಬ್ಬಿಯತ್ತ ಅರ್ಧ ಹೋಗಿತ್ತು. ನಲಿನಿಬಾಯಿ ಅದನ್ನು ಹಿಂದಕ್ಕೆ ತೆಗೆದುಕೊಂಡಳು. "ಗೊತ್ತದ" ಎಂದಳು.

"ಹಂಗಾರ ಹೇಳು" ಎಂದಳು ವೈಜು, ಒಲೆಯ ಪಕ್ಕ ಚಕ್ಕಳಮಕ್ಕಳ ಹಾಕಿ ಕೂಡುತ್ತ. "ಮಾಡಬ್ಯಾಡ, ಹೇಳು."

ನಲಿನಿಬಾಯಿ ಹೇಳಿದಳು.