ಎಂಜಿನ್ನಿನೊಳಗೆ ಬೆಣ್ಣೆ

ಕಾರಿನ ಎಂಜಿನ್ನಿಗೆ ಆಯಿಲ್ ಹುಯ್ಯೋ ಜಾಗದಾಗೆ ಒಂದು ಮುಚ್ಚಳ ಇರ್ತದೆ. ಅದನ್ನ ತಿರುಪಿ ತೆಗೆದು ಒಳಗೆ ಇಣುಕೋ ಅಭ್ಯಾಸ ನಿಮ್ಗಿಲ್ದಿದ್ರೆ ಒಳ್ಳೇದು, ಹೊಸದಾಗಿ ಕಲೀಬೇಡಿ. ನಾನು ಒಂದೇ ಒಂದ್ಸಲ ತೆಗೆದು ನೋಡ್ದೆ. ಹನ್ನೊಂದು ದಿನ ಸ್ನೇಹಿತ ಇಲ್ದೆ ಬದುಕ್ಬೇಕಾಯ್ತು.

ಸಾಕಾಗೋಗಿದೆ ಕಣ್ರಿ ನನ್ಗೆ. ಎಪ್ಪತ್ತೆರಡು ವರ್ಷ ಊರೋರ್ನೆಲ್ಲ ಏಮಾರಿಸ್ಕೊಂಡು ಬದುಕೋದು ಅಂದ್ರೆ ಸುಮ್ನೆ ಅಲ್ಲ, ದಿನಾ ಒಂದು ಮೂಟೆ ರಾಗಿ ಬೀಸಿದಷ್ಟು ಆಯಾಸ. ಆದ್ರೂ ನನ್ನಂಗೆ ಏಮಾರಿಸೋನು ಈ ಸೀಮೇಲಿ ಇನ್ನೊಬ್ಬ ಹುಟ್ಟಿಲ್ಲ. ಸರ್ವೆಯರ್ ಆಗಿದ್ದೆ. ಸಿರಾ, ಪಾವಗಡ, ಕೊರಟಗೆರೆ, ಮಧುಗಿರಿ, ನಾಕೂ ತಾಲ್ಲೂಕಿನ ನೆಲಾನ ಸರಪಳಿ ಎಳೆದು ಅಳೆದೋನು. ಬುಕ್ಕಾಪಟ್ಟಣದ ಕುರುಚಲು ಕಾಡಲ್ಲಿ ಜಿಂಕೆಗಳೂ ನನ್ನ ಸರಪಳಿ ದಾಟೋ ಮುಂಚೆ ನಿಂತ್ಕೊಂಡು ಅಪ್ಪಣೆ ಕೇಳ್ತಿದ್ವು. ಮದಲೂರು ಕೆರೆ ಏರಿ ಎಷ್ಟುದ್ದ ಅಂತ ನಿದ್ದೇಲಿ ಕೇಳಿದ್ರೂ ಹೇಳ್ತೀನಿ. ಇಷ್ಟೆಲ್ಲ ಅಳೆದೋನಿಗೆ ನಮ್ಮನೆಯಿಂದ ದೇವಸ್ಥಾನಕ್ಕೆ ಎಷ್ಟು ದೂರ ಅಂತ ಅಳೆಯೋಕೆ ಮಾತ್ರ ತೋಚಲಿಲ್ಲ. ಒಂದು ಕಿಲೋಮೀಟರೂ ಇಲ್ಲ. ತಪ್ಪೆಲ್ಲ ಅಲ್ಲೇ ಇದ್ದದ್ದು.

ಧನುರ್ಮಾಸದ ಚಳಿ ನಮ್ ಮಧುಗಿರೀಲಿ ಹೆಂಗಿರ್ತದೆ ಅಂತ ಹೊರಗಿನೋರಿಗೆ ಗೊತ್ತಿಲ್ಲ. ಬೇಸಿಗೇಲಿ ದೋಸೆ ಹುಯ್ಯಬಹುದು ಅನ್ನೋ ಅಂಥ ಬಂಡೆ, ಆಗ ಮುಟ್ಟಿದ್ರೆ ಬೆರಳು ಸೆಟೆದೋಗ್ತದೆ. ಅಂಥ ಚಳೀಲಿ ಬೆಳಕು ಹರಿಯೋ ಮುಂಚೆ ದೇವಸ್ಥಾನದಾಗೆ ಪೂಜೆ, ಪೂಜೆ ಆದ್ಮೇಲೆ ದೊನ್ನೇಲಿ ಹೊಗೆಯಾಡೋ ಹುಗ್ಗಿ. ನನ್ಗೆ ಭಕ್ತಿ ಎಷ್ಟು, ಹುಗ್ಗಿ ಮೇಲಿನ ಆಸೆ ಎಷ್ಟು ಅಂತ ಕೇಳಬೇಡಿ, ಅದನ್ನೂ ನಾನು ಅಳೆದಿಲ್ಲ. ನಡೆಯೋಕೆ ಸೋಮಾರಿತನ. ಅದಕ್ಕೆ ನನ್ನ ಹಳೇ ಪುಟ್ಟ ಕಾರು. ಪಕ್ಕದ ಸೀಟಲ್ಲಿ ನಂಜುಂಡಪ್ಪ.

ನಂಜುಂಡಪ್ಪ ನನ್ನ ಜೊತೆ ಒಂದನೇ ಕ್ಲಾಸಿಂದ ಓದಿದೋನು. ಮೇಷ್ಟ್ರಾಗಿ ರಿಟೈರ್ ಆದ. ಹಿಂದಿನ ಬೀದೀಲಿ ಮನೆ, ಮನೇಲಿ ಒಂದು ಎಮ್ಮೆ, ಕಾಲಲ್ಲಿ ಎರಡು ಕೆಟ್ಟ ಮಂಡಿ. ಹೆಂಡ್ತಿ ಕಮಲಮ್ಮ ತೀರ್ಕೊಂಡು ನಾಕು ವರ್ಷ ಆಯ್ತು. ಆವತ್ತಿಂದ ಅವನು ಮನೆ ಬುಟ್ಟು ಹೊರಗೆ ಬರೋದು ಅಂದ್ರೆ ನನ್ನ ಕಾರಲ್ಲೇ, ದೇವಸ್ಥಾನಕ್ಕೇ. ಮಾತು ಏನು ಅಂತೀರಾ? ಮಂಡಿ ಹೆಂಗಿದೆ, ಮಾತ್ರೆ ತಗಂಡ್ಯಾ, ಅಷ್ಟರಾಗೆ ದೇವಸ್ಥಾನ ಬಂದ್ಬುಡ್ತಿತ್ತು. ವಾಪಸ್ ಬರೋವಾಗ ಹುಗ್ಗೀಲಿ ಮೆಣಸು ಜಾಸ್ತಿ ಆಯ್ತು ಅನ್ನೋಷ್ಟರಲ್ಲಿ ಅವನ ಮನೆ.

ಇವನಿಗೆ ನಾನು ಕೊಟ್ಟ ಕಾಟ ಒಂದೆರಡಲ್ಲ. ಕೊಡಿಗೇನಹಳ್ಳಿ ಸ್ಕೂಲಲ್ಲಿ ಇದ್ದಾಗ ಮೊಪೆಡ್ಡಲ್ಲಿ ಓಡಾಡ್ತಿದ್ದ. ಒಂದಿನ ಅವನ ಎಮ್ಮೆ ಕೊರಳಿನ ಗಂಟೆ ಬಿಚ್ಚಿ ಮೊಪೆಡ್ ಸೀಟಿನ ಕೆಳಗೆ ಕಟ್ಬುಟ್ಟೆ. ದಾರಿ ಪೂರ್ತಿ ಎಮ್ಮೆ ಹಿಂದೇನೇ ಬತ್ತಾ ಇದೆ ಅಂತ ಗಾಡಿ ನಿಲ್ಲಿಸೋದು, ತಿರುಗಿ ನೋಡೋದು, ಹೊಯ್ ಹೊಯ್ ಅನ್ನೋದು. ಸ್ಕೂಲಿಗೆ ಹೋಗೋಷ್ಟರಲ್ಲಿ ಎರಡನೇ ಪೀರಿಯಡ್ಡೂ ಮುಗಿದಿತ್ತು. ಆವತ್ತು ಸಾಯಂಕಾಲ ನನ್ನ ಹತ್ರ ಬಂದು, ಇರ್ಲಿ ಬುಡು, ನನ್ಗೂ ಒಂದ್ ದಿನ ಬತ್ತದೆ ಅಂದ. ಇಪ್ಪತ್ತೈದು ವರ್ಷ ಕಾದೆ. ಆ ದಿನ ಬರಲೇ ಇಲ್ಲ. ಕಾದು ಕಾದು ನನ್ಗೇ ಬೇಜಾರಾಗಿತ್ತು.

ಹೋದ ಧನುರ್ಮಾಸ, ಅರ್ಧ ತಿಂಗಳು ಕಳೆದಿತ್ತು. ಒಂದು ಬೆಳಿಗ್ಗೆ ಕಾರು ಸ್ಟಾರ್ಟ್ ಆಗೋಕೆ ತಿಣುಕ್ತಿತ್ತು. ದೊಡ್ಡ ಎಂಜಿನಿಯರ್ ಥರ ಬಾನೆಟ್ ಎತ್ತಿ ಮುಚ್ಚಳ ತಿರುಗಿಸಿದೆ. ಮುಚ್ಚಳದ ಒಳಗೆಲ್ಲ ಹಳದಿ ಬಿಳುಪು, ಮಂದವಾಗಿ, ಮೆತ್ತಗೆ ಮೆತ್ಕೊಂಡಿದೆ. ಬೆರಳಲ್ಲಿ ತೆಗೆದು ನೋಡ್ದೆ. ಥೇಟು ಬೆಣ್ಣೆ. ತಕ್ಷಣ ನೆನಪಾಯ್ತು. ಹಿಂದಿನ ದಿನ ನಂಜುಂಡಪ್ಪ ಯಾವಾಗಲೂ ತರೋ ಮಜ್ಜಿಗೆ ತಂಬಿಗೆ ಹಿಡ್ಕೊಂಡು ಕಾರಲ್ಲಿ ಒಬ್ಬನೇ ಕೂತಿದ್ದ, ನಾನು ಎರಡನೇ ದೊನ್ನೆಗೆ ಅಂತ ಒಳಗೆ ಹೋಗಿದ್ದೆ. ನಿಜ ಹೇಳ್ತೀನಿ, ಮೊದ್ಲು ನನ್ಗೆ ಸಂತೋಷಾನೇ ಆಯ್ತು. ಕೊನೆಗೂ ಶಿಷ್ಯ ಗೆದ್ದ ಅಂತ. ಎಂಜಿನ್ನಿಗೆ ಮಜ್ಜಿಗೆ ಹುಯ್ಯೋದು ಅಂದ್ರೆ ನನ್ಗೂ ಹೊಳೆದಿರಲಿಲ್ಲ.

ಅಷ್ಟರಾಗೆ ಎದುರುಮನೆ ಯಜಮಾನ್ರು ಬಂದು ಇಣುಕಿ, ಎಂಜಿನ್ನೊಳಗೆ ನೀರು ಸೇರ್ಕೊಂಡಿದೆ, ಇದು ಮುಗೀತು, ಗುಜರಿಗೆ ಹಾಕಿ ಅಂದ್ರು. ಆಗ ಪಿತ್ತ ನೆತ್ತಿಗೇರ್ತು. ಒಂದೇ ಉಸಿರಿಗೆ ದೇವಸ್ಥಾನಕ್ಕೆ ನಡೆದೆ. ನಾನು ಕಾರು ತರಲಿಲ್ಲ ಅಂತ ಪಾಪ ನಂಜುಂಡಪ್ಪ ಕುಂಟ್ಕೊಂಡೇ ಬಂದು ಹುಗ್ಗಿ ಸಾಲಲ್ಲಿ ನಿಂತಿದ್ದ, ಕೈಯಲ್ಲಿ ಎರಡು ದೊನ್ನೆ. ಒಂದು ನನ್ಗೆ. ಅದು ಕಣ್ಣಿಗೆ ಕಾಣಲಿಲ್ಲ ನನ್ಗೆ. ಎಲ್ಲರ ಎದುರಿಗೇ ಅಂದ್ಬುಟ್ಟೆ:

"ನನ್ನ ಎಂಜಿನ್ನಿಗೆ ಮಜ್ಜಿಗೆ ಹಾಕ್ತೀಯೇನ್ಲಾ. ಹೆಂಡ್ತಿ ಹೋದ್ಮೇಲೆ ತಲೆ ಕೆಟ್ಟೋಗಿದೆ ನಿಂಗೆ."

ಅವನು ಎರಡೂ ದೊನ್ನೇನ ಕಟ್ಟೆ ಮೇಲೆ ಇಟ್ಟ, ಗೋಡೆ ಹಿಡ್ಕೊಂಡು ಮೆಟ್ಟಿಲಿಳಿದ, ಹೊರಟೋದ.

ಆಮೇಲೆ ಹನ್ನೊಂದು ದಿನ. ಕಾರು ಮನೆ ಮುಂದೆ ನಿಂತಲ್ಲೇ ನಿಂತಿತ್ತು, ಅವನು ಅವನ ಮನೇಲಿ ಕೂತಲ್ಲೇ ಕೂತಿದ್ದ. ದೇವಸ್ಥಾನಕ್ಕೂ ಬರಲಿಲ್ಲ, ಬೀದಿಗೂ ಬರಲಿಲ್ಲ. ಹೋಗಿ ಮಾತಾಡಿಸ್ಬಾರದೇನ್ರಿ ಅಂತ ನಮ್ಮನೆಯೋಳು ದಿನಾ ಹೇಳೋಳು. ಅವನೇ ಬರ್ಲಿ ಅನ್ನೋನು ನಾನು. ಹಿಂಗೆ ಅನ್ನೋಕೂ ಒಂದು ಶಕ್ತಿ ಬೇಕು ಕಣ್ರಿ, ಆರನೇ ದಿನಕ್ಕೆ ಅದೂ ಮುಗಿದಿತ್ತು. ಊರಲ್ಲಿ ಯಾರನ್ನ ಏಮಾರಿಸಿದ್ರೂ ರುಚಿ ಹತ್ತಲಿಲ್ಲ. ಏಮಾರಿಸಿದ್ದನ್ನ ಹೇಳ್ಕೊಳ್ಳೋಕೆ ಒಬ್ಬ ಬೇಕಲ್ಲ.

ಕೊನೆಗೆ ಮೆಕ್ಯಾನಿಕ್ ಬಾಷಾನ ಕರೆಸ್ದೆ. ಸಿರಾ ಕಡೆ ಹುಡುಗ, ಕೈ ಬಲು ಶುದ್ಧ. ಮುಚ್ಚಳ ನೋಡ್ದ, ಆಯಿಲ್ ಕಡ್ಡಿ ಎಳೆದು ಒರೆಸಿ ನೋಡ್ದ, ರೇಡಿಯೇಟರ್ ನೀರು ಇಳಿದಿದೆಯಾ ನೋಡ್ದ. ಇಳಿದಿರಲಿಲ್ಲ. ಆಮೇಲೆ ನಕ್ಕ. "ಕುಚ್ ನೈ ಹುವಾ ಚಾಚಾ," ಅಂದ. ಏನೂ ಆಗಿಲ್ವಂತೆ.

ಅವನು ಬಿಡಿಸಿ ಹೇಳಿದ್ದು ಇಷ್ಟು. ಪೆಟ್ರೋಲ್ ಉರಿದ್ರೆ ಹೊಗೆ ಜೊತೆ ನೀರಿನ ಆವೀನೂ ಹುಟ್ತದೆ. ಅದರಲ್ಲಿ ಒಂಚೂರು ಎಂಜಿನ್ ಒಳಗೇ ಉಳೀತದೆ. ಎಂಜಿನ್ ಚೆನ್ನಾಗಿ ಕಾದ್ರೆ ಆರಿ ಹೊರಗೋಗ್ತದೆ. ಚಳೀಲಿ ಒಂದು ಕಿಲೋಮೀಟರ್ ಓಡಿಸಿ ನಿಲ್ಲಿಸಿದ್ರೆ ಕಾಯೋದು ಎಲ್ಲಿಂದ ಬಂತು? ಇಡ್ಲಿ ಪಾತ್ರೆ ಮುಚ್ಚಳಕ್ಕೆ ಬೆವರು ಕೂರ್ತದಲ್ಲ, ಅಂಗೆ ಕೂತು, ಆಯಿಲ್ ಜೊತೆ ಕಲೆಸಿ ಕಲೆಸಿ ಬೆಣ್ಣೆ ಥರ ಆಗ್ತದೆ. ಯಾರೂ ಏನೂ ಹಾಕಬೇಕಾಗಿಲ್ಲ. ಹಳೇ ಆಯಿಲ್ ಇಳಿಸಿ ಹೊಸದು ಹುಯ್ದ. ವಾರಕ್ಕೊಂದ್ಸಲ ಪಾವಗಡದವರೆಗೂ ಹೋಗಿ ಬನ್ನಿ ಚಾಚಾ, ಇಲ್ದಿದ್ರೆ ಇದೂ ಅಂಗೇ ಆಗ್ತದೆ ಅಂದ.

ನಾನು ಜಗಲಿ ಮೇಲೆ ಕೂತ್ಬುಟ್ಟೆ. ಎಪ್ಪತ್ತೆರಡು ವರ್ಷದಾಗೆ ನನ್ನನ್ನ ಏಮಾರಿಸಿದ್ದು ಮನುಷ್ಯರಲ್ಲ, ಅಕ್ಕ ಪಕ್ಕದೋರಲ್ಲ, ಬರೀ ಬೆವರು. ಸಿಟ್ಟು ಮಾಡೋಕೂ ಯಾರೂ ಇಲ್ಲ.

ಕಾರು ತಗಂಡು ನಂಜುಂಡಪ್ಪನ ಮನೆಗೆ ಹೋದಾಗ ಅವನು ಎಮ್ಮೆಗೆ ಹುಲ್ಲು ಹಾಕ್ತಿದ್ದ. ತಪ್ಪಾಯ್ತು ಅನ್ನೋ ಮಾತು ನನ್ನ ಬಾಯಲ್ಲಿ ಯಾವತ್ತೂ ಬಂದಿಲ್ಲ, ದಾರಿ ಗೊತ್ತಿಲ್ಲ ಅದಕ್ಕೆ. ಅದಕ್ಕೇ ಆವಿ, ಇಡ್ಲಿ ಪಾತ್ರೆ, ಪೆಟ್ರೋಲು ಅಂತ ಬಾಷಾ ಹೇಳಿದ್ದನ್ನೆಲ್ಲ ಪಾಠ ಒಪ್ಪಿಸ್ದೆ. ಮೇಷ್ಟ್ರು ಪೂರ್ತಿ ಕೇಳಿಸ್ಕೊಂಡ್ರು.

"ಅಂದ್ರೆ, ನಾನು ಹಾಕಿಲ್ಲ ಅಂತ ತಿಳ್ಕೊಳ್ಳೋಕೆ ನಿಂಗೆ ಮೆಕ್ಯಾನಿಕ್ ಬೇಕಾಯ್ತು," ಅಂದ.

ಎಮ್ಮೆ ಕಡೆ ನೋಡ್ಕೊಂಡು, ತಪ್ಪಾಯ್ತು ಕಣ್ಲಾ ಅಂದೆ. ಎಮ್ಮೆಗೆ ಹೇಳ್ತಿದೀಯಾ ಅಂತ ಕೇಳಿದ. ಇಬ್ಬರಿಗೂ ಅಂದೆ. ಅವನು ಒಳಗೆ ಹೋಗಿ ಮಫ್ಲರ್ ಸುತ್ಕೊಂಡು ಬಂದು ಕಾರಲ್ಲಿ ಕೂತ.

ಬಾಷಾ ಹೇಳ್ದಂಗೆ ಪಾವಗಡದ ದಾರಿ ಹಿಡಿದೆ. ಮಂಡಿ, ಮಾತ್ರೆ ಎರಡೂ ಮುಗಿದ ಮೇಲೆ ಮಾತಾಡೋಕೆ ನಮ್ಗೆ ಬೇರೆ ಏನೂ ಗೊತ್ತಿರಲಿಲ್ಲ. ಮಿಡಿಗೇಶಿ ದಾಟಿದ್ಮೇಲೆ ಅವನು ಕಿಟಕಿ ಕಡೆ ಮುಖ ಮಾಡ್ಕೊಂಡು ಶುರು ಮಾಡ್ದ. ಕಮಲಮ್ಮ ಇದ್ದಾಗ ಎಷ್ಟು ಮೊಸರು ಕಡೀತಿದ್ರೋ ಈಗಲೂ ಅಷ್ಟೇ ಕಡೀತಾನಂತೆ. ಕಮ್ಮಿ ಮಾಡೋಕೆ ಕೈ ಬರಲ್ವಂತೆ. ಕುಡಿಯೋರಿಲ್ಲ, ಅದಕ್ಕೇ ತಂಬಿಗೇಲಿ ಹಿಡ್ಕೊಂಡು ದೇವಸ್ಥಾನದ ಹತ್ರ ಸಿಕ್ಕಿದೋರಿಗೆ ಹುಯ್ತಾನಂತೆ. ನಾಕು ವರ್ಷ ದಿನಾ ನನ್ನ ಪಕ್ಕದಲ್ಲೇ ಕೂತಿದ್ದ ತಂಬಿಗೆ ಅದು. ಯಾಕ್ಲಾ ತರ್ತೀಯಾ ಅಂತ ಒಂದಿನಾನೂ ಕೇಳಿರಲಿಲ್ಲ ನಾನು. ಕೇಳೋಷ್ಟು ದಾರಿನೇ ಇರಲಿಲ್ಲ.

ಪಾವಗಡದಾಗೆ ಟೀ ಅಂಗಡಿ ಹೆಂಗಸು ತೆಲುಗಲ್ಲಿ ಸಕ್ಕರೆ ಎಷ್ಟು ಅಂತ ಕೇಳಿದ್ಲು. ಇಬ್ಬರಿಗೂ ಶುಗರ್ರು. ಇಬ್ಬರೂ ಎರಡು ಚಮಚ ಅಂದ್ವಿ. ಅಲ್ಲೂ ಹೇಳ್ದ, ವಾಪಸ್ ದಾರೀಲೂ ಹೇಳ್ದ. ಆಸ್ಪತ್ರೇಲಿ ಕಮಲಮ್ಮ ಎಮ್ಮೆ ಹಾಲು ಕೊಡ್ತಾ ಅಂತ ಕೇಳಿದ್ದು, ಇವನು ರೇಗಿದ್ದು, ಅದೇ ಕೊನೇ ಮಾತಾಗಿದ್ದು. ನಾನು ಒಂದು ತಮಾಷೇನೂ ಮಾಡಲಿಲ್ಲ. ಬಾಯಿ ಮುಚ್ಕೊಂಡು ಗಾಡಿ ಓಡಿಸೋದು ಎಷ್ಟು ಕಷ್ಟದ ಕೆಲಸ ಅಂತ ಆವತ್ತು ಗೊತ್ತಾಯ್ತು.

ಮಧುಗಿರಿ ಬಂತು. ನಮ್ಮ ಬೀದಿ ತಿರುವಲ್ಲಿ ಇಂಡಿಕೇಟರ್ ಹಾಕ್ದೆ. ಮೈಯೆಲ್ಲ ನೋವು, ಬೆನ್ನು ಬಿದ್ದೋಗಿತ್ತು. ನಂಜುಂಡಪ್ಪ ಮಫ್ಲರ್ ತುದೀಲಿ ಕಣ್ಣು ಒರೆಸ್ಕೊಂಡು, ನನ್ನ ಕಡೆ ನೋಡ್ದೆನೇ ಕೇಳ್ದ:

"ಎಂಜಿನ್ನು ಪೂರ್ತಿ ಕಾದೈತೇನ್ಲಾ? ಇಲ್ದಿದ್ರೆ ಕೊರಟಗೆರೆ ಕಡೆಗೇ ಹೋಗಿ ಬರಾನ."

ಶಾಖ ತೋರಿಸೋ ಮುಳ್ಳು ನಡು ಮಧ್ಯಕ್ಕೆ ಬಂದು ಎರಡು ಗಂಟೆ ಆಗಿತ್ತು.

"ಇನ್ನೂ ಇಲ್ಲ ಕಣ್ಲಾ," ಅಂದೆ. ಇಂಡಿಕೇಟರ್ ಆರಿಸಿ ನೇರ ಹೊರಟ್ವಿ.