ಗೋದಾಮಿನ ಕಿಟಕಿಯಲ್ಲಿ ಐತಪ್ಪ ಮಾಸ್ಟ್ರು

ನಾನು ಮೂರನೇ ಕ್ಲಾಸಿನಲ್ಲಿದ್ದ ಕಾಲಕ್ಕೆ ನಮ್ಮ ಪೇಟೆಯ ಮಕ್ಕಳಿಗೆ ಪೊಲೀಸ್ ಅಂದರೆ ಅಂಬು ಮಾಮ ಒಬ್ಬರೇ. ಪೇಟೆ ಅಂತ ಹೇಳುವುದಷ್ಟೆ. ಕುಂಬಳೆಯಿಂದ ಬದಿಯಡ್ಕದ ಕಡೆಗೆ ಹೋಗುವ ಮಣ್ಣಿನ ಮಾರ್ಗ, ಅದರ ಬದಿಯಲ್ಲಿ ನಾಲ್ಕಾರು ಅಂಗಡಿ, ಒಂದು ಶಾಲೆ, ಯಾರೂ ಬಳಸದ ಒಂದು ಹಳೆಯ ಹೊಗೆಸೊಪ್ಪಿನ ಗೋದಾಮು, ಮತ್ತೆ ನಮ್ಮ ಮಾಯ್ ನಡೆಸುತ್ತಿದ್ದ ಚಾ ಹೋಟೆಲು. ಊರಿನ ಹೆಸರು ಬರೆಯುವುದಿಲ್ಲ. ಈ ಕಥೆಯಲ್ಲಿ ಬರುವವರ ಮೊಮ್ಮಕ್ಕಳು ಈಗಲೂ ಅಲ್ಲಿದ್ದಾರೆ.

ಮಾಯ್ ಅಂದರೆ ನಮ್ಮ ಕೊಂಕಣಿಯಲ್ಲಿ ಅಮ್ಮ. ಪೇಟೆಯವರಿಗೆಲ್ಲ ಅವಳು ಲೂಸಿ ಬಾಯಿ. ಪಪ್ಪ ಬೊಂಬಾಯಿಯಲ್ಲಿ ಹಡಗಿನ ಕೆಲಸಕ್ಕೆ ಹೋದವರು, ಬಂದರೆ ಬಂದರು, ಇಲ್ಲದಿದ್ದರೆ ಇಲ್ಲ. ಹೋಟೆಲಿನ ಹಿಂದಿನ ಎರಡು ಕೋಣೆಯೇ ನಮ್ಮ ಮನೆ.

ಅಂಬು ಮಾಮ ಸೈಕಲಿನಲ್ಲಿ ಬರುತ್ತಿದ್ದರು. ದೊಗಲೆ ಚಡ್ಡಿ, ಕಾಲಿಗೆ ಸುತ್ತಿದ ಪಟ್ಟಿ, ತಲೆಯ ಮೇಲೆ ನೆಟ್ಟಗೆ ನಿಂತ ಟೊಪ್ಪಿ. ನಮ್ಮ ಅಂಗಳಕ್ಕೆ ಬಂದವರೇ ಟೊಪ್ಪಿ ತೆಗೆದು ಬೆಂಚಿನ ಮೇಲಿಟ್ಟು ಚಾ ಕುಡಿಯುವರು. ಕುಡಿಯುತ್ತಾ ತೆಂಗಿನ ಗರಿ ಸೀಳಿ ನನಗೆ ವಾಚು, ಹಾವು, ಗಿರಿಗಿಟ್ಲೆ ಮಾಡಿ ಕೊಡುವರು. "ಮೋಳೇ, ಗಾಳಿಗೆ ಹಿಡಿ, ತಿರುಗ್ತದೆ ನೋಡು," ಎನ್ನುವರು. ಅವರ ಭಾಷೆಯಲ್ಲಿ ಮೋಳೇ ಅಂದರೆ ಮಗಳೇ ಅಂತ. ಅವರು ಯಾರನ್ನಾದರೂ ಹಿಡಿದದ್ದನ್ನು ನಾನು ನೋಡಿರಲಿಲ್ಲ. ಪೊಲೀಸರ ಕೆಲಸ ಎಂತ ಅಂತ ಕೇಳಿದ್ದಕ್ಕೆ, "ಸೈಕಲು ತುಳಿಯೋದು," ಅಂತ ಹೇಳಿದ್ದರು.

ಸ್ವಾತಂತ್ರ್ಯ ಬಂದು ಎರಡೋ ಮೂರೋ ಬೇಸಿಗೆ ಕಳೆದಿರಬೇಕು. ಗೇರುಬೀಜದ ಕಾಲ. ಶಾಲೆ ಬಿಟ್ಟ ಕೂಡಲೇ ನಾವು ಗುಡ್ಡೆಗೆ ಓಡುವುದು, ಹಣ್ಣು ಚೀಪಿ ರಸ ಮೊಣಕೈವರೆಗೆ ಇಳಿಸಿಕೊಳ್ಳುವುದು, ಗಂಟಲು ಕೆರೆದು ಕೆಮ್ಮುವುದು. ಮಣ್ಣಿನಲ್ಲಿ ಗೆರೆ ಎಳೆದು ಬೀಜಗಳನ್ನು ಸಾಲಾಗಿಟ್ಟು ದೂರದಿಂದ ದೊಡ್ಡ ಬೀಜ ಎಸೆದು ಉರುಳಿಸುವುದು. ಸಂಜೆ ಒಣಗಿದ ಎಲೆ ಗುಡಿಸಿ ಬೆಂಕಿ ಹಾಕಿ ಬೀಜ ಸುಟ್ಟರೆ ಎಣ್ಣೆ ಚಟಪಟ ಹಾರಿ ಕೈಗೆ ಬೊಕ್ಕೆ ಏಳುವುದು. ಆ ಸುಟ್ಟ ವಾಸನೆ ಇಡೀ ಪೇಟೆಗೆ ಹಬ್ಬುತ್ತಿತ್ತು.

ಆ ವರ್ಷ ಒಕ್ಕಲಿನವರು ಧಣಿಗಳಿಗೆ ಗೇಣಿಯ ಮೇಲೆ ಇನ್ನೊಂದು ಪಾಲು ಭತ್ತ ಅಳೆದು ಕೊಡುವುದಿಲ್ಲ ಅಂತ ಹಟ ಹಿಡಿದರು. ಇದು ನನಗೆ ಆಮೇಲೆ ತಿಳಿದದ್ದು. ಆಗ ಕಂಡದ್ದು ಇಷ್ಟು: ಒಂದು ದಿನ ಲಾರಿಯಲ್ಲಿ ಹೊಸ ಪೊಲೀಸರು ಬಂದು ಇಳಿದರು, ಹೊಗೆಸೊಪ್ಪಿನ ಗೋದಾಮಿನ ಬೀಗ ತೆಗೆಸಿ ಅಲ್ಲೇ ಕ್ಯಾಂಪು ಮಾಡಿದರು. ಅವರ ಇನ್ಸ್‌ಪೆಕ್ಟರು ತೆಳ್ಳಗೆ, ಯಾವಾಗಲೂ ಇಸ್ತ್ರಿ ಮಾಡಿದ ಅಂಗಿ ಹಾಕುವವರು. ಕ್ಯಾಂಪಿಗೂ ಅಲ್ಲಿ ಹಿಡಿದು ಇಟ್ಟವರಿಗೂ ಮಧ್ಯಾಹ್ನದ ಗಂಜಿ ಮಾಡಿ ಕೊಡುವ ಕೆಲಸ ಮಾಯ್‌ಗೆ ಬಂತು. ಅಂಬು ಮಾಮನನ್ನೂ ಕ್ಯಾಂಪಿಗೆ ಸೇರಿಸಿಕೊಂಡರು.

ಗುಡ್ಡೆಯ ಆಚೆಯಿಂದ ಒಕ್ಕಲಿನ ಗಂಡಸರನ್ನು ಹಿಡಿದು ತರುವುದು ಶುರುವಾಯಿತು. ಕೆಲವರನ್ನು ಬಿಟ್ಟರು, ಕೆಲವರು ಎಲ್ಲಿಗೆ ಹೋದರು ಅಂತ ಮನೆಯವರಿಗೂ ಗೊತ್ತಾಗಲಿಲ್ಲ. ಹೆಂಗಸರು ಗೋದಾಮಿನ ಎದುರು ಬಿಸಿಲಿನಲ್ಲಿ ಕೂತು ಸಂಜೆ ಎದ್ದು ಹೋಗುತ್ತಿದ್ದರು.

ಅವರ ಪರವಾಗಿ ಕೇಳಲು ಹೋದದ್ದು ನಮ್ಮ ಐತಪ್ಪ ಮಾಸ್ಟ್ರು.

ಕುಳ್ಳಗಿನ ಮನುಷ್ಯ, ಬಿಳಿ ಜುಬ್ಬಾ, ಕಿಸೆಯಲ್ಲಿ ಸೀಮೆಸುಣ್ಣದ ಪುಡಿ. ಅವರ ಅಕ್ಷರ ಅಂದರೆ ಬೋರ್ಡಿನ ಮೇಲೆ ಅಚ್ಚು ಹಾಕಿದ ಹಾಗೆ. ಕ್ಲಾಸಿನಲ್ಲಿ ಸುಮ್ಮನೆ ಕೂತವರಿಗೆ ಬೈಯುವರು, ಪ್ರಶ್ನೆ ಕೇಳಿದವರಿಗೆ ಬೆನ್ನು ತಟ್ಟುವರು. ನನ್ನ ಬೆನ್ನು ದಿನಾ ತಟ್ಟಿಸಿಕೊಳ್ಳುತ್ತಿತ್ತು. ಅವರು ಕ್ಯಾಂಪಿನ ಬಾಗಿಲಿಗೆ ಹೋಗಿ, ಹಿಡಿದವರನ್ನು ಎಲ್ಲಿಟ್ಟಿದ್ದೀರಿ, ಕೋರ್ಟಿಗೆ ಯಾಕೆ ಹಾಜರು ಮಾಡುವುದಿಲ್ಲ ಅಂತ ಕೇಳಿದರು. ಪೊಲೀಸರು ಓಡಿಸಿದರು. ಮರುದಿನ ಮತ್ತೆ ಹೋದರು. ಸಂತೆಯಲ್ಲಿ ಕಲ್ಲಿನ ಮೇಲೆ ನಿಂತು ಅದನ್ನೇ ಗಟ್ಟಿಯಾಗಿ ಕೇಳಿದರು.

ಒಂದು ಬೆಳಿಗ್ಗೆ ನಮಗೆ ಮಗ್ಗಿ ಬರೆಸುತ್ತಿದ್ದಾಗ ಇನ್ಸ್‌ಪೆಕ್ಟರು ಕ್ಲಾಸಿನ ಬಾಗಿಲಿಗೆ ಬಂದರು. ಹಿಂದೆ ಇಬ್ಬರು ಪೊಲೀಸರು. ಅವರಲ್ಲಿ ಒಬ್ಬರು ಅಂಬು ಮಾಮ. ನಾನು ನಕ್ಕೆ. ಅವರು ನಗಲಿಲ್ಲ.

"ಸ್ವಲ್ಪ ವಿಚಾರಿಸಲಿಕ್ಕುಂಟು, ಬನ್ನಿ," ಅಂದರು ಇನ್ಸ್‌ಪೆಕ್ಟರು.

ಮಾಸ್ಟ್ರು ಕೈ ಜಾಡಿಸಿ ಪುಡಿ ಉದುರಿಸಿ ನಮ್ಮ ಕಡೆ ತಿರುಗಿ, "ನೀವು ಬರೀತಾ ಇರಿ ಮಕ್ಕಳೇ, ಬಂದೆ," ಅಂದರು. ನಾವು ಬರೆದೆವು. ಸ್ಲೇಟು ತುಂಬಿತು, ಒರೆಸಿ ಮತ್ತೆ ಬರೆದೆವು. ಶಾಲೆಯ ಗಂಟೆ ಹೊಡೆದ ಮೇಲೂ ಕೆಲವರು ಬರೆಯುತ್ತಲೇ ಇದ್ದರು.

ಮಾಸ್ಟ್ರು ಎಂತ ಮಾಡಿದ್ದು? ನನಗೆ ಅದೊಂದೇ ಯೋಚನೆ. ಕಳ್ಳತನ ಮಾಡಿದವರನ್ನು ಹಿಡಿಯುತ್ತಾರೆ ಅಂತ ಗೊತ್ತಿತ್ತು. ಮಾಸ್ಟ್ರು ಎಂತ ಕದ್ದರು? ಹೋಟೆಲಿಗೆ ಬಂದ ಗಾಡಿಯವನನ್ನು ಕೇಳಿದರೆ, "ಸರಕಾರಕ್ಕೆ ಬೈದರಂತೆ." ಪಕ್ಕದ ಮನೆಯ ಅಜ್ಜಿಯನ್ನು ಕೇಳಿದರೆ, "ಓದು ಹೆಚ್ಚಾಯಿತು ಮಾರಾಯ್ತಿ, ಮತ್ತೆ ಎಂತ?" ಮಾಯ್‌ಯನ್ನು ಕೇಳಿದರೆ, "ಬಾಯಿ ಮುಚ್ಚಿ ಹಲಸಿನ ಎಲೆ ಕೊಯ್ದು ತಾ." ಗಂಜಿ ಉಣ್ಣಲು ಹಲಸಿನ ಎಲೆ ಮಡಚಿ ಕಡ್ಡಿ ಚುಚ್ಚಿದರೆ ಅದೇ ಚಮಚ.

ನನ್ನನ್ನೂ ಕ್ಯಾಂಪಿಗೆ ಕರಕೊಂಡು ಹೋಗು ಅಂತ ಹಟ ಹಿಡಿದೆ. ಚಟ್ನಿಯ ಕುಂಡಿಕೆ ಹಿಡಿಯಲು ಜನ ಬೇಕಿತ್ತು, ಮಾಯ್ ಕರೆದುಕೊಂಡು ಹೋದಳು.

ಗೋದಾಮಿನ ಒಳಗೆ ಹಳೆಯ ಹೊಗೆಸೊಪ್ಪಿನ ಘಾಟು, ಸೀನು ಬರುವಷ್ಟು. ಕೊನೆಯ ಕೋಣೆಗೆ ಮರದ ಅಡ್ಡಪಟ್ಟಿಯ ಕಿಟಕಿ. ಅದರ ಆಚೆ ಮಾಸ್ಟ್ರು ಗೋಡೆಗೆ ಒರಗಿ ಕೂತಿದ್ದರು. ಮುಖದ ಒಂದು ಬದಿ ಊದಿ ಕಣ್ಣು ಮುಚ್ಚಿಹೋಗಿತ್ತು. ಹಿಂದಿನ ದಿನದ ಗಂಜಿ ಮುಟ್ಟದೆ ಹಾಗೇ ಇತ್ತು.

"ಯಾಕೆ ಮಾಸ್ಟ್ರೇ, ಉಣ್ಣಲಿಲ್ಲ?" ಮಾಯ್ ಕೇಳಿದಳು.

ಮಾಸ್ಟ್ರು ಎರಡೂ ಕೈಗಳನ್ನು ಮಡಿಲಿನಿಂದ ಮೆಲ್ಲ ಎತ್ತಿ ತೋರಿಸಿದರು. ಬೆರಳುಗಳು ನೀಲಿಯಾಗಿ ದಪ್ಪವಾಗಿ, ಗೆಣ್ಣುಗಳ ಹತ್ತಿರ ಚರ್ಮ ಒಡೆದಿತ್ತು. ಹಲಸಿನ ಎಲೆಯನ್ನು ಹಿಡಿಯುವುದು ಬಿಡಿ, ಮೈಮೇಲೆ ಕೂತ ನೊಣ ಓಡಿಸಲೂ ಆಗುವ ಕೈಯಲ್ಲ.

ಮಾಯ್ ಅವರನ್ನು ಕಿಟಕಿಯ ಹತ್ತಿರ ಕರೆದಳು. ಪಾತ್ರೆ ಕೆಳಗಿಟ್ಟು, ಕಿಟಕಿಯ ಪಟ್ಟಿಗಳ ನಡುವೆ ಕೈ ತೂರಿಸಿ, ಗಂಜಿ ತಿಳಿಯನ್ನು ಒಂದೊಂದೇ ಎಲೆ ಅವರ ಬಾಯಿಗೆ ಹೊಯ್ದಳು. ಅವರು ನುಂಗುವಾಗ ಇನ್ನೊಂದು ಕಣ್ಣನ್ನೂ ಮುಚ್ಚುತ್ತಿದ್ದರು. ನನಗೆ ಅಳು ಬರಲಿಲ್ಲ. ಕೇಳಲೇಬೇಕು ಅನ್ನಿಸಿತು, ಅಷ್ಟೆ.

"ಮಾಸ್ಟ್ರೇ, ನೀವು ಎಂತ ಮಾಡಿದ್ದು?"

"ಕೇಳಿದ್ದು," ಅಂದರು. ಮಾತು ಊದಿದ ತುಟಿಯಲ್ಲಿ ಅಡ್ಡಾದಿಡ್ಡಿ ಬಂತು.

"ಕೇಳಿದ್ದಕ್ಕೆ ಹೊಡೀತಾರಾ?"

"ಉತ್ತರ ಗೊತ್ತಿಲ್ಲದವರು ಹೊಡೀತಾರೆ, ಸಿಸಿಲಿ." ಆಮೇಲೆ, "ಮಗ್ಗಿ ಬರೆದು ಆಯ್ತಾ?" ಅಂದರು.

ಬಾಗಿಲಲ್ಲಿ ಅಂಬು ಮಾಮ ಕಾವಲು ನಿಂತಿದ್ದರು. ಬರುವಾಗ ಮಾಯ್ ಅವರೆದುರು ನಿಂತಳು. "ಯಾರು ಮಾಡಿದ್ದು ಅಂಬು?"

ಅವರು ನೆಲ ನೋಡಿದರು. "ಇನ್ಸ್‌ಪೆಕ್ಟರು."

"ನೀವು ಎಲ್ಲಿದ್ದಿರಿ?"

"ಬಾಯೀ, ನಾನು ಕೈ ಹಿಡ್ಕೊಂಡದ್ದು ಮಾತ್ರ."

ದಾರಿಯುದ್ದಕ್ಕೂ ನಾನು ಯೋಚಿಸಿದೆ. ತೆಂಗಿನ ಗರಿಯಲ್ಲಿ ಹಾವಿನ ಕಣ್ಣನ್ನೂ ಬಿಡದೆ ಹೆಣೆಯುವ ಆ ಬೆರಳುಗಳು. ಅವೇ ಬೆರಳುಗಳು ಮಾಸ್ಟ್ರ ಕೈಯನ್ನು ಹಿಡಿದು ಕೊಟ್ಟದ್ದು ಹೇಗೆ? ಗಟ್ಟಿ ಹಿಡಿದರೋ, ಮೆಲ್ಲ ಹಿಡಿದರೋ? ಕಣ್ಣು ಮುಚ್ಚಿದ್ದರೋ? ಮಾಯ್‌ಯನ್ನು ಕೇಳಿದೆ. "ಅದನ್ನು ಅವನನ್ನೇ ಕೇಳು," ಅಂದಳು. ಅವತ್ತಿನ ನಂತರ ಅಂಬು ಮಾಮ ನಮ್ಮ ಅಂಗಳಕ್ಕೆ ಬರಲೇ ಇಲ್ಲ.

ಮಾಸ್ಟ್ರ ಹೆಂಡತಿ ದೇವಕಿಯಕ್ಕ ಕಾಸರಗೋಡಿಗೆ ನಡೆದುಕೊಂಡೇ ಹೋಗಿ ಒಬ್ಬ ವಕೀಲರ ಜಗಲಿಯಲ್ಲಿ ಕೂತರಂತೆ, ಅವರು ಹೂಂ ಅನ್ನುವವರೆಗೆ ಏಳಲಿಲ್ಲವಂತೆ. ವಕೀಲರು ಓಡಾಡಿದ ಮೇಲೆ, ಮಜಿಸ್ಟ್ರೇಟರು ಬಂದು ನೋಡುತ್ತಾರೆ ಅಂತ ಸುದ್ದಿ ಆಯಿತು.

ಅವರು ಬರುವ ದಿನ ಬೆಳಿಗ್ಗೆ ಇನ್ಸ್‌ಪೆಕ್ಟರು ನಮ್ಮ ಹೋಟೆಲಿಗೆ ಬಂದು ಚಾ ಕುಡಿದರು. ಚಾ ಒಳ್ಳೆಯದುಂಟು ಅಂದರು. ಸುತ್ತ ನೋಡಿ, "ಹೋಟೆಲಿಗೆ ಲೈಸನ್ಸ್ ಉಂಟಾ ಬಾಯಿ?" ಅಂತ ಕೇಳಿದರು. ಇರಲಿಲ್ಲ. ಪೇಟೆಯಲ್ಲಿ ಯಾರಿಗೂ ಇರಲಿಲ್ಲ. "ಮಾಸ್ಟ್ರು ಬಾವಿಕಟ್ಟೆಯಲ್ಲಿ ಜಾರಿ ಬಿದ್ದದ್ದು. ನಿಮಗೂ ಗೊತ್ತುಂಟಲ್ಲ," ಅಂದು ಎದ್ದು ಹೋದರು.

ಮಾಯ್ ಒಲೆಯ ಮುಂದೆ ತುಂಬಾ ಹೊತ್ತು ಕೂತಳು. ಆಮೇಲೆ ಮುಖ ತೊಳೆದು, ಇಗರ್ಜಿಯ ಪೂಜೆಗೆ ಹೋಗುವಾಗ ಉಡುವ ಸೀರೆ ಉಟ್ಟಳು.

ಗೋದಾಮಿನ ಅಂಗಳದಲ್ಲಿ ಮೇಜು ಹಾಕಿ ಮಜಿಸ್ಟ್ರೇಟರು ಕೂತಿದ್ದರು. ಪಕ್ಕದಲ್ಲಿ ವಕೀಲರು. ಜನ ಬೇಲಿಯ ಆಚೆ ತುಂಬಿದ್ದರು. ಇನ್ಸ್‌ಪೆಕ್ಟರು ಬಾವಿಕಟ್ಟೆಯ ಕಥೆ ಹೇಳಿದರು. ಅಂಬು ಮಾಮನನ್ನು ಕೇಳಿದಾಗ, "ಬಿದ್ದದ್ದು," ಅಂತ ಒಂದೇ ಮಾತು ಹೇಳಿದರು. ಹೊರಗಿನವರಲ್ಲಿ ಒಳಗೆ ಹೋಗಿ ಬರುತ್ತಿದ್ದವಳು ಮಾಯ್ ಒಬ್ಬಳೇ, ಹಾಗಾಗಿ ವಕೀಲರು ಅವಳನ್ನು ಕರೆಸಿದರು. ನಾನು ಅವಳ ಸೆರಗು ಹಿಡಿದು ಹೋದೆ.

"ಹೊಡೆದದ್ದನ್ನು ನೀನು ನೋಡಿದ್ದೀಯಾ?" ಮಜಿಸ್ಟ್ರೇಟರು ಕೇಳಿದರು.

"ಇಲ್ಲ. ನಾನು ನೋಡಿದ್ದು ಕೈ. ಉಣ್ಣಲಿಕ್ಕೆ ಆಗದೆ ಇದ್ದ ಕಾರಣ ನಾನೇ ಉಣಿಸಿದ್ದು." ನನ್ನ ಮುಷ್ಟಿಯಿಂದ ಸೆರಗು ಬಿಡಿಸಿಕೊಂಡು ಒಂದು ಹೆಜ್ಜೆ ಮುಂದೆ ಹೋದಳು. "ಜಾರಿ ಬಿದ್ದರೆ ಎರಡೂ ಕೈಯ ಬೆರಳು ಮಾತ್ರ ಹೀಗೆ ಹೇಗೆ ಮುರಿಯೋದು ಅಂತ ನನಗೆ ಗೊತ್ತಿಲ್ಲ. ನೀವು ಒಮ್ಮೆ ಅವರನ್ನು ಬಿಸಿಲಿಗೆ ಕರೆಸಿ ನೋಡಿ ಸ್ವಾಮಿ."

ಕರೆಸಿದರು. ಮಾಸ್ಟ್ರು ಕಣ್ಣು ಕಿರಿದು ಮಾಡಿಕೊಂಡು ಬೆಳಕಿಗೆ ಬಂದರು. ಮಜಿಸ್ಟ್ರೇಟರು ಕೂತಲ್ಲಿಂದ ಎದ್ದು ಹತ್ತಿರ ಹೋಗಿ ಆ ಕೈಗಳನ್ನು ನೋಡಿದರು. ಇವರನ್ನು ಇವತ್ತೇ ಆಸ್ಪತ್ರೆಗೆ ಸೇರಿಸಿ, ಬಾಕಿಯವರನ್ನೆಲ್ಲ ನಾಳೆ ಕೋರ್ಟಿಗೆ ತನ್ನಿ ಅಂತ ಹೇಳಿ ಕಾರು ಹತ್ತಿದರು.

ಎಲ್ಲವೂ ಸರಿಯಾಯಿತು ಅಂತ ಹೇಳಲಿಕ್ಕಿಲ್ಲ. ಬಾಕಿಯವರ ಮುಖ ಮನೆಯವರಿಗೆ ನೋಡಲು ಸಿಕ್ಕಿತು, ಕೆಲವರು ಬಿಡುಗಡೆಯಾದರು. ಮಾಸ್ಟ್ರನ್ನು ಆಸ್ಪತ್ರೆಯಿಂದ ಕಣ್ಣೂರಿನ ಜೈಲಿಗೆ ಕಳಿಸಿದರು, ಮಳೆಗಾಲ ಮುಗಿಯುವವರೆಗೂ ಬಿಡಲಿಲ್ಲ. ಇನ್ಸ್‌ಪೆಕ್ಟರಿಗೆ ಬೇರೆ ಊರು ಸಿಕ್ಕಿತು, ಅಷ್ಟೆ. ನಮ್ಮ ಹೋಟೆಲಿನ ಬಾಗಿಲು ಹಾಕಿಸಿದರು. ಮಾಯ್ ಆಮೇಲೆ ಮನೆಯಲ್ಲೇ ಕೂತು ದೋಸೆ, ಅಕ್ಕಿ ಉಂಡೆಯ ಪುಂಡಿ ಮಾಡಿ ಮನೆಮನೆಗೆ ಕೊಟ್ಟು ನನ್ನನ್ನು ಓದಿಸಿದಳು.

ಮಾಸ್ಟ್ರು ತಿರುಗಿ ಬಂದಾಗ ಶಾಲೆಯ ಯಜಮಾನರು ಕೆಲಸ ಕೊಡಲಿಲ್ಲ. ಖಾಲಿ ಬಿದ್ದ ನಮ್ಮ ಹೋಟೆಲಿನ ಜಗಲಿಯಲ್ಲಿ ಸಂಜೆ ನಮಗೆಲ್ಲ ಪಾಠ ಹೇಳಿದರು. ಬೆರಳು ಮಡಚುತ್ತಿರಲಿಲ್ಲ, ಬರೆಯಲು ಆಗುತ್ತಿರಲಿಲ್ಲ. ಬಾಯಲ್ಲೇ ಹೇಳುವುದು, ನಾವು ಬರೆದು ತೋರಿಸುವುದು. ಅವರ ಆ ಚೆಂದದ ಅಕ್ಷರವನ್ನು ಮತ್ತೆ ಯಾರೂ ನೋಡಲಿಲ್ಲ.

ನಾನೂ ಟೀಚರಾದೆ. ಆಗ ನಮ್ಮ ಊರು ಕೇರಳಕ್ಕೆ ಸೇರಿ ತುಂಬ ವರ್ಷ ಆಗಿತ್ತು, ಮಾಸ್ಟ್ರು ತೀರಿಕೊಂಡಿದ್ದರು. ಒಮ್ಮೆ ಸೀತಾಂಗೋಳಿಯಲ್ಲಿ ಬಸ್ಸಿಗೆ ಕಾಯುವಾಗ ಪಕ್ಕದ ಕಟ್ಟೆಯಲ್ಲಿ ಒಬ್ಬ ಮುದುಕ ಕೂತಿದ್ದರು. ಗುರುತು ಸಿಕ್ಕಿತು. ಹತ್ತಿರ ಹೋಗಿ ಕೂತೆ.

"ಅಂಬು ಮಾಮ, ನಾನು ಲೂಸಿ ಬಾಯಿಯ ಮಗಳು."

ಅವರು ನನ್ನ ಮುಖ ನೋಡಿದರು. ನಾನು ಕೇಳಿಯೇಬಿಟ್ಟೆ. ಅವತ್ತು ಮಾಸ್ಟ್ರ ಕೈ ಹೇಗೆ ಹಿಡಿದಿರಿ?

"ಇಷ್ಟು ವರ್ಷ ಯಾರೂ ಕೇಳಲಿಲ್ಲ ಮೋಳೇ," ಅಂದರು. "ಮನೆಯಲ್ಲಿಯೂ ಕೇಳಲಿಲ್ಲ." ಆಮೇಲೆ ತಡೆದು ತಡೆದು ಹೇಳಿದರು. "ಇನ್ಸ್‌ಪೆಕ್ಟರು ಮೇಜಿನ ಮೇಲೆ ಒತ್ತಿ ಹಿಡಿಯಲಿಕ್ಕೆ ಹೇಳಿದ್ದು. ನನ್ನ ಕೈ ನಡುಗ್ತಾ ಇತ್ತು. ಮಾಸ್ಟ್ರು ನನ್ನ ಕಿವಿಯ ಹತ್ತಿರ ಹೇಳಿದರು, 'ಅಂಬೂ, ಗಟ್ಟಿ ಹಿಡಿ. ಅಲುಗಿದರೆ ಪೆಟ್ಟು ನಿನ್ನ ಬೆರಳಿಗೆ ಬೀಳ್ತದೆ.' ಗಟ್ಟಿ ಹಿಡಿದೆ."

ಬಸ್ಸು ಬಂತು, ಹೋಯಿತು. ನಾವಿಬ್ಬರೂ ಏಳಲಿಲ್ಲ.

ಈಗ ಅಂಬು ಮಾಮನೂ ಇಲ್ಲ, ಮಾಯ್‌ಯೂ ಇಲ್ಲ. ಗೋದಾಮಿದ್ದ ಜಾಗದಲ್ಲಿ ಮೊಬೈಲ್ ಅಂಗಡಿಗಳ ಸಾಲು. ಪತ್ರಿಕೆಯಲ್ಲಿ ಎಲ್ಲಿಯೋ ಯಾರನ್ನೋ ಪೊಲೀಸರು ಎತ್ತಿಕೊಂಡು ಹೋದ ಸುದ್ದಿ ಬಂದರೆ ಕೊನೆಯ ಸಾಲಿನವರೆಗೂ ಓದುತ್ತೇನೆ. ಕರೆದುಕೊಂಡು ಹೋದವರ ಹೆಸರು ಇರುವುದಿಲ್ಲ, ಇಟ್ಟ ಜಾಗದ ಹೆಸರೂ ಇರುವುದಿಲ್ಲ. ಆ ಕೆಟ್ಟ ಬೇಸಿಗೆಯಲ್ಲಿ ಹೊಡೆದವರು ಯಾರು, ಹಿಡಿದವರು ಯಾರು, ಉಣಿಸಿದವಳು ಯಾರು ಅಂತ ನಮ್ಮ ಪೇಟೆಯ ಮಕ್ಕಳಿಗೂ ಗೊತ್ತಿತ್ತು. ಬೇಕೆಂದರೆ, ಅವರು ಮುದುಕರಾದ ಮೇಲಾದರೂ, ಪಕ್ಕದಲ್ಲಿ ಹೋಗಿ ಕೂತು ಕೇಳಬಹುದಿತ್ತು. ಈಗಿನ ಮಕ್ಕಳು ಯಾರ ಪಕ್ಕದಲ್ಲಿ ಹೋಗಿ ಕೂರಬೇಕು?