ಅಕ್ಕೋರ ಕೈಯ ಬೆಲ್ಲ

ಅಥಣಿಯ ಬಸ್ಸು ತಡವೆಂದು ತಿಳಿದು, ರಾಯಬಾಗದ ನಿಲ್ದಾಣದ ಹಿಂದಿನ ಶಾಲಾ ಮೈದಾನಕ್ಕೆ ಬಂದು ಕೂತಿದ್ದೇನೆ. ಹುಡುಗಿಯರ ಸಾಫ್ಟ್‌ಬಾಲ್ ನಡೆದಿದೆ. ಬೇಸ್‌ಬಾಲಿನಂಥದೇ ಆಟ, ಒಬ್ಬಳು ಎಸೆಯಬೇಕು, ಎದುರಿನವಳು ಬಾರಿಸಬೇಕು. ಎಸೆಯುವ ಹುಡುಗಿ ದಣಿದಿದ್ದಾಳೆ. ಎದುರಾಳಿಗಳು ಮನಸೋ ಇಚ್ಛೆ ಬಾರಿಸುತ್ತಿದ್ದಾರೆ.

ನನ್ನ ಪಕ್ಕದಲ್ಲಿದ್ದ ಅವಳ ಶಿಕ್ಷಕಿ ಎದ್ದು ನಿಂತರು.

"ಇಲ್ಲಿಂದಲೇ ಕೂಗಿ ಆ ಹುಡುಗಿಯನ್ನು ಬದಲಿಸಬಾರದೇನ್ರಿ?" ಎಂದೆ. ಬಸ್ಸಿನ ಸಿಟ್ಟು ಇನ್ನೂ ಇಳಿದಿರಲಿಲ್ಲ.

"ದಣದ ಎತ್ತಿನ ನೊಗಾ ದೂರ ನಿಂತು ಬಿಚ್ಚಾಕ ಬರತೈತೇನ್ರಿ?" ಎಂದವರೇ ಸೆರಗಿನ ಗಂಟಿನಿಂದ ಬೆಲ್ಲದ ಹೆಂಟೆ ತೆಗೆದುಕೊಂಡು ಮೈದಾನದೊಳಗೆ ನಡೆದರು. ಕುತೂಹಲ ತಾಳದೆ ನಾನೂ ಆಟದ ಅಂಚಿನ ಗೆರೆಯವರೆಗೆ ಹೋದೆ.

ಅವರು ಬರುವುದನ್ನು ಕಂಡು ಹುಡುಗಿ ಚೆಂಡನ್ನು ಬೆನ್ನ ಹಿಂದೆ ಅಡಗಿಸಿದಳು. "ಇನ್ನೊಂದ ಒಗಿತೀನ್ರಿ ಅಕ್ಕೋರ."

"ಭಾಳ ಒಗದಿ, ಸಾಕವ್ವಾ. ರಟ್ಟಿ ನೋಯಾಕತ್ತೈತಲ್ಲ?"

ಶಿಕ್ಷಕಿ ಚೆಂಡಿಗೆ ಕೈ ಹಾಕಲಿಲ್ಲ. ಬೆಲ್ಲವಿದ್ದ ಅಂಗೈ ಚಾಚಿ ಸುಮ್ಮನೆ ನಿಂತರು. ಅಂಪೈರ್ ಗದರಿದರೂ ಕದಲಲಿಲ್ಲ. ಕೊನೆಗೆ ಹುಡುಗಿಯೇ ಬೆಲ್ಲ ತೆಗೆದುಕೊಂಡು, ತನ್ನ ಬದಲು ಎಸೆಯಲು ಬಂದಿದ್ದ ಗೆಳತಿಯ ಕೈಗೆ ಚೆಂಡಿಟ್ಟಳು.

ಈಗ ಹುಡುಗಿ ಶಿಕ್ಷಕಿಯ ಪಕ್ಕ ಕೂತು, ಬೆಲ್ಲ ಬಾಯಲ್ಲಿಟ್ಟುಕೊಂಡೇ ಬಿಕ್ಕುತ್ತಿದ್ದಾಳೆ. ಶಿಕ್ಷಕಿ ಅವಳ ರಟ್ಟೆ ತಿಕ್ಕುತ್ತಿದ್ದಾರೆ. ಅತ್ತ ನನ್ನ ಬಸ್ಸು ಬಂದು ಹಾರ್ನ್ ಹೊಡೆಯುತ್ತಿದೆ. ಇತ್ತ ಹೊಸಬಳು ಎಸೆಯಲು ಕೈ ಬೀಸುವಷ್ಟರಲ್ಲಿ, ಅಳುತ್ತಿದ್ದವಳು ಧಡಕ್ಕನೆ ಎದ್ದು ಕೂಗಿದಳು:

"ಅಕೀಗಿ ಎತ್ತರ ಒಗಿಬ್ಯಾಡ ಲೇ, ಬಾರಸ್ತಾಳ! ತಗ್ಗಿಸಿ ಒಗಿ!"